ಜಂಬವಲ್ಲ, ಪಾಯಿಂಟ್ ಗಾರ್ಡ್ ಕೊರತೆ

ಮಾನ್ಯ ಸಂಪಾದಕರೇ,

ಅಮೆರಿಕದ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ 2023-24ರಲ್ಲಿ ನಿರೀಕ್ಷೆಯ ಮಟ್ಟಕ್ಕೆ ಏರದಿದ್ದುದಕ್ಕೆ ತಾರೆಯರ ಜಂಬವೇ ಕಾರಣ ಎಂದು ನಿಮ್ಮ ಕ್ರೀಡಾ ಪುಟದ ಲೇಖನ ಹೇಳಿದೆ. ತಂಡದ ತಾರೆ ಏಂಜಲ್ ರೀಸ್ ನವೆಂಬರ್‌ನಲ್ಲಿ 4 ಪಂದ್ಯ ಆಡಲಿಲ್ಲ, ಕೋಚ್ ಕಿಮ್ ಮಲ್ಕಿ ಕಾರಣ ಬಾಯಿಬಿಡಲಿಲ್ಲ, ನಿಜ. ಆದರೆ ಆ ನಾಲ್ಕನ್ನೂ ತಂಡ ಗೆದ್ದಿತ್ತು! ಕೊಲರಾಡೊ ಎದುರು 78-92ರಲ್ಲಿ ಮುಗ್ಗರಿಸಿದ್ದು ಅದಕ್ಕೂ ಮೊದಲು, ಋತುವಿನ ಮೊದಲ ಪಂದ್ಯದಲ್ಲೇ. ಅಂದು ರೀಸ್ ಅಂಗಳದಲ್ಲಿದ್ದರು.

ಕಾಲೇಜು ತಂಡಕ್ಕೆ ಪಾಯಿಂಟ್ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವವರು) ಆಗಿ ಆಡಿದ ನನಗೆ ಕಂಡ ಕಾರಣ ಬೇರೆ. 2023ರ ರಾಷ್ಟ್ರೀಯ ಕಾಲೇಜು ಟೂರ್ನಿಯ ಫೈನಲ್‌ನಲ್ಲಿ ಅಯೋವಾವನ್ನು 102-85ರಿಂದ ಮಣಿಸಿದಾಗ ಚೆಂಡು ನಡೆಸಿದವರು ಅಲೆಕ್ಸಿಸ್ ಮಾರಿಸ್: 21 ಅಂಕ, 9 ಅಸಿಸ್ಟ್ (ಅಂಕಕ್ಕೆ ದಾರಿಯಾದ ಪಾಸ್). ಅಂದು ಬೆಂಚಿನಿಂದ ಎದ್ದು ಬಂದು 22 ಅಂಕ ಸುರಿದವರು ಜಾಸ್ಮಿನ್ ಕಾರ್ಸನ್. ಇಬ್ಬರ ಕಾಲೇಜು ಆಟವೂ ಅಲ್ಲಿಗೆ ಮುಗಿಯಿತು. ಬದಲಿಗೆ ಬಂದವರು ಡಿಪಾಲ್‌ನಿಂದ ಅನೀಸಾ ಮಾರೋ, ಲೂಯಿವಿಲ್‌ನಿಂದ ಹೇಲಿ ವ್ಯಾನ್ ಲಿತ್. ಹೆಸರು ನೋಡಿ ಪತ್ರಕರ್ತರು ಮತ ಹಾಕಿದರು, ಒಂದು ಪಂದ್ಯವನ್ನೂ ಆಡುವ ಮೊದಲೇ ತಂಡಕ್ಕೆ ಮೊದಲ ರ‍್ಯಾಂಕ್ ಸಿಕ್ಕಿತು.

ವ್ಯಾನ್ ಲಿತ್ ಲೂಯಿವಿಲ್‌ನಲ್ಲಿ ಪಂದ್ಯಕ್ಕೆ ಸರಾಸರಿ 20ರ ಹತ್ತಿರ ಅಂಕ ಗಳಿಸುತ್ತಿದ್ದವರು. ಇಲ್ಲಿ ಅವರ ಹೆಗಲಿಗೆ ಮಾರಿಸ್ ಮಾಡುತ್ತಿದ್ದ ಕೆಲಸ ಬಿತ್ತು, ಸರಾಸರಿ 12ಕ್ಕಿಂತ ಕೆಳಗಿಳಿಯಿತು. ರೀಸ್, ಮಾರೋ ಇಬ್ಬರೂ ರಿಂಗಿನಡಿಯ ಆಟಗಾರ್ತಿಯರು, ಇಬ್ಬರೂ ಗುರಿ ತಪ್ಪಿದ ಚೆಂಡು ಕಸಿಯುವ ರೀಬೌಂಡ್‌ಗೆ ಎತ್ತಿದ ಕೈ. ಅವರಿಬ್ಬರೂ ಅಲ್ಲೇ ನಿಂತರೆ ಎದುರಾಳಿ ರಕ್ಷಣೆಯೂ ಅಲ್ಲೇ ಜಮಾಯಿಸುತ್ತದೆ. ಆಮೇಲೆ ಗಾರ್ಡ್ ಚೆಂಡು ಹಿಡಿದು ನುಗ್ಗುವುದಾದರೂ ಎಲ್ಲಿಗೆ? ಸಾಲದ್ದಕ್ಕೆ ತಂಡದ ಸಮಾಯಾ ಸ್ಮಿತ್ ಋತುವಿನ ಆರಂಭದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಉಳಿದ ಪಂದ್ಯಗಳಿಂದ ಹೊರಗುಳಿದರು, ಬೆಂಚು ಇನ್ನಷ್ಟು ತೆಳುವಾಯಿತು.

31 ಗೆಲುವು, 6 ಸೋಲು ಕೆಟ್ಟ ಲೆಕ್ಕವೇನಲ್ಲ. ಮೊದಲ ರ‍್ಯಾಂಕಿನ ಹೊರೆ ಇರದಿದ್ದರೆ ಯಾರೂ ಇದನ್ನು ವೈಫಲ್ಯ ಎನ್ನುತ್ತಿರಲಿಲ್ಲ. ಕ್ವಾರ್ಟರ್‌ಫೈನಲ್‌ನಲ್ಲಿ ಅದೇ ಅಯೋವಾ ಎದುರಾಯಿತು, 87-94ರಲ್ಲಿ ಸೋಲು. ಅಯೋವಾದ ಕೇಟ್ಲಿನ್ ಕ್ಲಾರ್ಕ್ 41 ಅಂಕ ಹೊಡೆದರು. ಅವರ ಬೆನ್ನಿಗೆ ಬೀಳುವ ಹೊಣೆಯನ್ನೂ ಹೆಚ್ಚಾಗಿ ವ್ಯಾನ್ ಲಿತ್‌ಗೇ ಹೊರಿಸಿದ್ದು ಕೋಚ್ ಮಾಡಿದ ತಪ್ಪು ಎಂದೇ ನನ್ನ ಅನಿಸಿಕೆ.

ಜಂಬದ ವಾದ ಒಪ್ಪುವವರು ಅದೇ ವರ್ಷದ ಸೌತ್ ಕೆರೊಲಿನಾವನ್ನೂ ನೋಡಬೇಕು. ಆರಂಭಿಕ ಐವರನ್ನೂ ಕಳೆದುಕೊಂಡಿದ್ದ ಆ ತಂಡಕ್ಕೆ ಋತುವಿಗೆ ಮುನ್ನ ಸಿಕ್ಕಿದ್ದು 6ನೇ ರ‍್ಯಾಂಕ್. ಕೋಚ್ ಡಾನ್ ಸ್ಟೇಲಿ ಅದನ್ನು 38-0ಕ್ಕೆ, ಒಂದೂ ಸೋಲಿಲ್ಲದೆ, ಒಯ್ದರು. ಋತುವಿಗೆ ಮುಂಚಿನ ರ‍್ಯಾಂಕ್ ಹೆಸರನ್ನಷ್ಟೇ ಅಳೆಯುತ್ತದೆ, ಆಟ ಹೊಂದುತ್ತದೆಯೇ ಎಂಬುದನ್ನಲ್ಲ. ವ್ಯಾನ್ ಲಿತ್ ಮುಂದಿನ ವರ್ಷ ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲೂ ಚೆಂಡು ನಡೆಸುವ ಕೆಲಸವೇ, ಆದರೆ ಎತ್ತರದ ಸೆಂಟರ್ ಒಬ್ಬರು ಎದುರಾಳಿಗೆ ಅಡ್ಡ ನಿಂತು, ಅಂದರೆ ಸ್ಕ್ರೀನ್ ಹಾಕಿ, ದಾರಿ ಬಿಡಿಸಿಕೊಡುತ್ತಿದ್ದರು. ಆ ತಂಡ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ಕೊನೆಯ ಎಂಟರ ಘಟ್ಟ ಮುಟ್ಟಿತು.

– ಮಾಜಿ ಕಾಲೇಜು ಆಟಗಾರ್ತಿ, ಮೈಸೂರು