ಕುದಿಸಿ ಕೊಟ್ಟ ನೀರು

ಪಾವಗಡ
ಶನಿವಾರ ರಾತ್ರಿ

ಪ್ರೀತಿಯ ಮಗಳೇ,

ಬೆಳಗಿನ ಬಸ್ಸಿಗೆ ನೀನು ಹೊರಡುತ್ತೀಯೆ. ಚೆನ್ನೈಯ ಹಾಸ್ಟೆಲಿನಲ್ಲಿ ಪೆಟ್ಟಿಗೆ ತೆರೆದಾಗ ಸಿಗಲಿ ಎಂದು ಇದನ್ನು ಟವೆಲಿನ ಮಡಿಕೆಯಲ್ಲಿ ಇಟ್ಟಿದ್ದೇನೆ. ಭಾನುವಾರದ ಜಗಳವನ್ನು ಮತ್ತೆ ಬರೆಯುವುದಿಲ್ಲ. “ಪರಿಸರ ಆರೋಗ್ಯ ಓದಿ ಏನು ಕಡಿದು ಹಾಕುತ್ತೀಯೆ?” ಎಂದೆ. ನೀನು ಮಾತಾಡಲಿಲ್ಲ, ತುಟಿ ಸರಿಸಿ ಹಲ್ಲು ತೋರಿಸಿದೆ. ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ಆಗ ನಿನಗೆ ಎಂಟು ವರ್ಷ. ಹೊಸ ಹಲ್ಲುಗಳ ಮೇಲೆ ಮೊದಲು ಸುಣ್ಣದಂಥ ಗೆರೆ, ಆಮೇಲೆ ಕಂದು ಪಟ್ಟೆ. ನೀನು ಸರಿಯಾಗಿ ಉಜ್ಜುವುದಿಲ್ಲವೆಂದು ಗದ್ದ ಹಿಡಿದು, ಉಪ್ಪು ಇದ್ದಿಲು ಹಾಕಿ ನಾನೇ ತಿಕ್ಕಿದೆ. ಒಸಡು ಒಡೆಯಿತು. ನೀನು ಅಳದೆ ಬಚ್ಚಲ ಕಲ್ಲಿನ ಮೇಲೆ ಉಗುಳಿದೆ. ಕಪ್ಪು ನೀರಿನಲ್ಲಿ ಕೆಂಪು ಎಳೆ. ಆಮೇಲಿನ ಶಾಲೆಯ ಫೋಟೋ ಒಂದರಲ್ಲೂ ನೀನು ನಕ್ಕಿಲ್ಲ. ಮೊನ್ನೆ ಎಲ್ಲವನ್ನೂ ಹರಡಿಕೊಂಡು ನೋಡಿದೆ.

ಕೊಳವೆಬಾವಿ ನೀರನ್ನು ನಾನು ಸೋಸಿ, ಕುದಿಸಿಯೇ ಕೊಡುತ್ತಿದ್ದೆ. ಕುದಿಸಿದರೆ ನೀರಷ್ಟೇ ಆವಿಯಾಗುತ್ತದೆ, ಕಲ್ಲಿನಿಂದ ಬಂದ ಫ್ಲೋರೈಡ್ ತಪ್ಪಲೆಯಲ್ಲೇ ಉಳಿದು ಇನ್ನೂ ಹೆಚ್ಚಾಗುತ್ತದೆ ಎಂದು ನೀನೇ ಹೇಳಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದಂತೆ. ಹಲ್ಲು ಒಸಡಿನೊಳಗೆ ಮೂಡುವಾಗಲೇ ಅದು ಸೇರಿಬಿಡುತ್ತದಂತೆ. ಹಾಗಾದರೆ ಆ ದಿನ ನಾನು ತಿಕ್ಕಿದ್ದು ಏನನ್ನು? ತಪ್ಪಾಯಿತು, ಕಂದ. ಎದುರಿಗೆ ನಿಂತು ಹೇಳಲು ಬಾಯಿ ಬರಲಿಲ್ಲ. ಆ ಫ್ಲೋರೈಡ್ ಮೂಳೆಗೂ ಇಳಿಯುತ್ತದಂತೆ. ಪಕ್ಕದ ಮನೆಯ ಅಜ್ಜನಿಗೆ ಕತ್ತು ಹೊರಳುವುದಿಲ್ಲ, ಕರೆದರೆ ಇಡೀ ಮೈ ತಿರುಗಿಸಬೇಕು. ನೀನು ಏಳುವಾಗ ಮಂಡಿ ಹಿಡಿದುಕೊಂಡರೂ ನನಗೆ ಎದೆ ಝಲ್ಲೆನ್ನುತ್ತದೆ.

ಹಾಲು, ಸೊಪ್ಪು ಬಿಡಬೇಡ. ರಾಗಿಹಿಟ್ಟು ಕಟ್ಟಿದ್ದೇನೆ. ನೀರಿನ ಮಾದರಿ ತರಲು ಹಳ್ಳಿಗೆ ಹೋದಾಗ ನೇರ ಕೊಳವೆಬಾವಿಗೆ ನಡೆಯಬೇಡ, ಮೊದಲು ಅಡುಗೆಮನೆಗೆ ಹೋಗು. ಬೇಳೆ ಯಾವ ನೀರಿನಲ್ಲಿ ಬೇಯುತ್ತದೆ, ದಿನಕ್ಕೆ ಎಷ್ಟು ಲೋಟ ಟೀ ಎಂದು ಕೇಳು. ಶುದ್ಧ ನೀರಿನ ಘಟಕದ ಕ್ಯಾನು ಕುಡಿಯಲು ಮಾತ್ರ, ಅಡುಗೆಗೆ ಹಳೆಯ ನೀರೇ. ನಮ್ಮ ಬೀದಿಯಲ್ಲೇ ಎಷ್ಟು ಮನೆ ಹೀಗಿವೆ! ಕ್ಯಾನಿಗೂ ದುಡ್ಡು ಬೇಕಲ್ಲ. ತಾಯಂದಿರನ್ನು ಮಾತ್ರ ಗದರಬೇಡ. ಅವರೂ ಕುದಿಸಿಯೇ ಕೊಟ್ಟಿರುತ್ತಾರೆ.

ನಿನಗೆ ಸೀಟು ಸಿಕ್ಕ ದಿನ ಹಾಲಿನವನಿಂದ ಹಿಡಿದು ಎಲ್ಲರಿಗೂ ಹೇಳಿಕೊಂಡು ಬಂದೆ. ನಿನ್ನೆದುರು ಮಾತ್ರ ಮುಖ ಗಂಟು ಹಾಕಿಕೊಂಡೆ.

ಚೀಲದ ಬದಿಯಲ್ಲಿ ನಮ್ಮ ಮನೆಯ ನೀರಿನ ಬಾಟಲಿ ಇದೆ. ಕುಡಿಯಬೇಡ, ಪರೀಕ್ಷೆಗೆ. ಕುದಿಸಿಲ್ಲ. ಎಷ್ಟಿದೆಯೋ ಅಷ್ಟನ್ನೂ ಹೇಳು, ನನಗೆ ನೋವಾಗುತ್ತದೆಂದು ಮುಚ್ಚಿಡಬೇಡ.

ನಿನ್ನ ಅಮ್ಮ