ಜೋಡಿಚಿತ್ರದಲ್ಲಿ ಒಂದನ್ನೇ ತೂಗಿದರೆ

ಮಾನ್ಯರೇ,

ಹದಿನೆಂಟನೇ ಶತಮಾನದ ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಗಾರ್ತ್‌ನ ‘ಜಿನ್ ಲೇನ್’ (ಜಿನ್ ಎಂಬ ಕಡುಮದ್ಯ ಕುಡಿದು ಹಾಳಾದ ಓಣಿಯ ಅಚ್ಚುಚಿತ್ರ) ಈಗ ಗೋಡೆಯ ಅಲಂಕಾರವಾಗಿ ಮಾರಾಟಕ್ಕಿದೆ, ಹೆಚ್ಚಾಗಿ ಒಂಟಿಯಾಗಿ. ಒಂದನ್ನೇ ಕೊಳ್ಳಬೇಡಿ. 1751ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಅದು ಹೊರಬಂದದ್ದೇ ಬಿಯರ್ ಕುಡಿದು ಸುಖವಾಗಿರುವ ಬೀದಿಯ ಚಿತ್ರ ‘ಬಿಯರ್ ಸ್ಟ್ರೀಟ್’ ಜತೆಗೆ.

ಎರಡನ್ನೂ ಬೆಸೆದಿರುವುದು ಗಿರವಿ ಅಂಗಡಿ. ಜಿನ್ ಲೇನ್‌ನಲ್ಲಿ ಬಡಗಿ ತನ್ನ ಗರಗಸವನ್ನೂ ಹೆಂಗಸೊಬ್ಬಳು ಅಡುಗೆ ಪಾತ್ರೆಯನ್ನೂ ಅಡ ಇಡುತ್ತಿದ್ದಾರೆ. ಅಂಗಡಿಯವನಿಗೆ ಭರ್ಜರಿ ವ್ಯಾಪಾರ. ಬಿಯರ್ ಸ್ಟ್ರೀಟ್‌ನಲ್ಲಿ ಎಲ್ಲರೂ ಮೈತುಂಬಿಕೊಂಡಿದ್ದಾರೆ, ಗಿರವಿಯವನ ಮನೆ ಮಾತ್ರ ಕುಸಿಯುತ್ತಿದೆ. ಜಪ್ತಿಗೆ ಬರುವವರಿಗೆ ಹೆದರಿ, ಬಾಗಿಲು ತೆರೆಯದೆ ಕಿಂಡಿಯಲ್ಲೇ ಬಿಯರ್ ಇಸಿದುಕೊಳ್ಳುತ್ತಿದ್ದಾನೆ. ಆ ಬೀದಿಯಲ್ಲಿ ಚಿಂದಿ ಉಟ್ಟ ಬಡಕಲ ಒಬ್ಬನೇ: ಅಂಗಡಿ ಬೋರ್ಡು ಬರೆಯುವ ಚಿತ್ರಗಾರ. ಹೋಗಾರ್ತ್ ತನ್ನ ಕಸುಬಿನವರನ್ನೂ ಬಿಟ್ಟಿಲ್ಲ.

ಕೆಳವರ್ಗದವರ ಚಟ ಬಿಡಿಸಲೆಂದು ಆದಷ್ಟು ಅಗ್ಗವಾಗಿ ಅಚ್ಚು ಹಾಕಿದ್ದೇನೆ ಎಂದು ಆತ ಜಾಹೀರಾತು ಕೊಟ್ಟ. ಬೆಲೆ ಹಾಳೆಗೆ ಒಂದು ಶಿಲಿಂಗ್, ಅಂದರೆ 12 ಪೆನ್ನಿ. ಜಿನ್ ಲೇನ್ ಚಿತ್ರದೊಳಗಿನ ನೆಲಮಾಳಿಗೆಯ ಜಿನ್ ಅಂಗಡಿಯ ಬಾಗಿಲ ಮೇಲಿನ ದರ ಓದಿ: ಒಂದು ಪೆನ್ನಿಗೆ ಅಮಲು, ಎರಡಕ್ಕೆ ಮೈಮೇಲೆ ಎಚ್ಚರವಿಲ್ಲ, ಮಲಗಲು ಹುಲ್ಲು ಪುಕ್ಕಟೆ. ಬುದ್ಧಿ ಹೇಳುವ ಆ ಹಾಳೆಯ ದುಡ್ಡಿಗೆ ಹನ್ನೆರಡು ಸಲ ಕುಡಿದು ಬೀಳಬಹುದಿತ್ತು! ಕೊಂಡವರು ಯಾರೆಂದು ಬೇರೆ ಹೇಳಬೇಕಿಲ್ಲ. ಆ ವರ್ಷವೇ ಜಿನ್ ಮಾರಾಟಕ್ಕೆ ಕಡಿವಾಣ ಹಾಕುವ ಕಾಯ್ದೆ ಬಂತೆಂಬುದೂ ನಿಜ.

ಹಳೆಯ ಅಚ್ಚು ಎಂದು ಯಾರಾದರೂ ಮಾರಲು ಬಂದರೆ ಭೂತಗನ್ನಡಿ ಹಿಡಿಯಿರಿ. ತಾಮ್ರದ ತಗಡಿನ ಗೀರುಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ರೋಲರಿನಡಿ ಒತ್ತಿದ ಅಚ್ಚಿನಲ್ಲಿ ಗೆರೆ ಕಾಗದದಿಂದ ಕೊಂಚ ಉಬ್ಬಿರುತ್ತದೆ, ಸುತ್ತ ತಗಡಿನಂಚಿನ ತಗ್ಗು ಕಾಣುತ್ತದೆ. ಆಫ್‌ಸೆಟ್ ಪ್ರತಿಯಲ್ಲಿ ಕಾಣುವುದು ಬರೀ ಚುಕ್ಕಿ. ಆದರೆ ತಗಡಿನ ಅಚ್ಚೆಂದ ಮಾತ್ರಕ್ಕೆ 1751ರದ್ದಲ್ಲ. ಹೋಗಾರ್ತ್ 1764ರಲ್ಲಿ ಸತ್ತ ಮೇಲೂ ಅವೇ ತಗಡುಗಳಿಂದ ದಶಕಗಟ್ಟಲೆ ಅಚ್ಚು ತೆಗೆದರು. ತಾಮ್ರ ಮೆದು, ಮೊದಲು ಸವೆಯುವುದು ನೆರಳಿನ ಸಣ್ಣ ಅಡ್ಡಗೆರೆಗಳು, ಕಪ್ಪಿರಬೇಕಾದಲ್ಲಿ ಬೂದು ಬರುತ್ತದೆ. ಬಿಯರ್ ಸ್ಟ್ರೀಟ್‌ನಲ್ಲಿ ಇನ್ನೊಂದು ಗುರುತಿದೆ. ಮೊದಲ ಅಚ್ಚುಗಳಲ್ಲಿ ದಢೂತಿ ಕಮ್ಮಾರ ಒಬ್ಬ ಫ್ರೆಂಚನನ್ನು ಎತ್ತಿ ಹಿಡಿದಿದ್ದಾನೆ. ಆಮೇಲೆ ತಗಡು ತಿದ್ದಿದಾಗ ಕೈಗೆ ಬಂದದ್ದು ಮಾಂಸದ ತುಂಡು.

ಇನ್ನು ಫ್ರೇಮು. ಚಿತ್ರ ಸುಮಾರು 36 ಸೆಂ.ಮೀ. ಎತ್ತರ, 30 ಸೆಂ.ಮೀ. ಅಗಲ. ಗೋಂದು, ಸೆಲ್ಲೋಟೇಪ್, ಲ್ಯಾಮಿನೇಷನ್ ಬೇಡವೇ ಬೇಡ. ಟೇಪಿನ ಅಂಟು ಕಾಗದದೊಳಗಿಳಿದು ಕಂದು ಕಲೆಯಾಗುತ್ತದೆ, ಮತ್ತೆ ಹೋಗುವುದಿಲ್ಲ. ಆಮ್ಲರಹಿತ ಬೋರ್ಡಿನ ಮೇಲೆ ಮೇಲಂಚನ್ನಷ್ಟೇ ತೆಳು ಕಾಗದದ ಪಟ್ಟಿ ಮತ್ತು ಗೋಧಿಗಂಜಿಯ ಅಂಟಿನಿಂದ ಹಿಡಿಸಿ, ಗಾಜಿಗೆ ತಾಗದಂತೆ ನಡುವೆ ಮೌಂಟ್ (ಕಿಟಕಿಯಂತೆ ಕತ್ತರಿಸಿದ ದಪ್ಪ ಬೋರ್ಡು) ಕೊಡಿ. ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆಯೂ ಬಿಸಿಲು ಬೀಳುವ ಗೋಡೆಯೂ ಬೇಡ. ಫ್ರೇಮಿನವರು ‘ಅಂದಕ್ಕೆ’ ಕೆಳಗಿನ ಅಂಚು ಕತ್ತರಿಸಲು ಹೊರಟರೆ ತಡೆಯಿರಿ: ನೀತಿ ಹೇಳುವ ಪದ್ಯವೂ, ಸಂಸತ್ತಿನ ಕಾಯ್ದೆಯ ಪ್ರಕಾರ ಪ್ರಕಟವಾದದ್ದು ಎಂಬ ತಾರೀಖಿನ ಸಾಲೂ ಇರುವುದು ಅಲ್ಲೇ.

– ಓದುಗ, ಧಾರವಾಡ