ಹಿಮದ ಹಕ್ಕಿಗೂ ಹುಚ್ಚೆಳ್ಳೇ ಬೇಕಂತೆ!

ಫೇರ್‌ಬ್ಯಾಂಕ್ಸ್, ಅಲಾಸ್ಕಾ

ಪ್ರೀತಿಯ ಶಿವು,

"ಆ ಚಳಿಯಲ್ಲಿ ಹಕ್ಕಿಗಿಕ್ಕಿ ಇವೆಯೇನೋ?" ಅಂತ ಕೇಳಿದ್ದೆಯಲ್ಲ. ಇವೆ ಕಣೋ. ಇವತ್ತು ಬೆಳಿಗ್ಗೆ ಹೊರಗೆ ಮೈನಸ್ 35. ಕಸ ಹಾಕಿ ಬರೋಕೂ ನನಗೆ ಧೈರ್ಯ ಇಲ್ಲ. ಕಿಟಕಿಯಾಚೆ ಬರ್ಚ್ ಮರದ ತುಂಬ ರೆಡ್‌ಪೋಲ್ ಹಕ್ಕಿಗಳ ಗಲಾಟೆ!

ಗುಬ್ಬಚ್ಚಿಗಿಂತ ಚಿಕ್ಕದು. ತೂಕ 13 ಗ್ರಾಂ ಆಸುಪಾಸು, ಐದು ರೂಪಾಯಿಯ ಎರಡು ನಾಣ್ಯದಷ್ಟು. ಹಣೆಗೆ ಕುಂಕುಮ ಇಟ್ಟ ಹಾಗೆ ಕೆಂಪು. ಇವು ಮೂರು ಜಾತಿ ಅಂತಿದ್ದ ಇಲ್ಲಿನ ಪಕ್ಷಿತಜ್ಞರು 2024ರಲ್ಲಿ ಎಲ್ಲ ಒಂದೇ ಅಂದರು. ನನಗಂತೂ ಮೊದಲಿಂದಲೂ ಒಂದೇ ಥರ ಕಾಣುತ್ತಿದ್ದವು, ಬಿಡು.

ಡಿಸೆಂಬರ್ 21ರ ಸುಮಾರಿಗೆ ಇಲ್ಲಿ ಹಗಲು ಮೂರು ಮುಕ್ಕಾಲು ಗಂಟೆಯೂ ಇರಲ್ಲ. ಅಷ್ಟರಲ್ಲಿ ತಿಂದದ್ದು ರಾತ್ರಿಯಿಡೀ ಮೈ ಬಿಸಿ ಇಡಬೇಕು. ಅದಕ್ಕೆ ಈ ಹಕ್ಕಿ ಬುತ್ತಿ ಕಟ್ಟಿಕೊಳ್ಳುತ್ತದೆ. ಗಂಟಲಲ್ಲಿ ಒಂದು ಚೀಲ ಇದೆ. ಬರ್ಚ್ ಬೀಜವನ್ನು ಗಬಗಬ ಅದಕ್ಕೆ ತುಂಬಿ, ಗಾಳಿ ತಾಗದ ಕಡೆ ಹೋಗಿ ಕೂರುತ್ತದೆ. ಆಮೇಲೆ ಒಂದೊಂದೇ ಬಾಯಿಗೆ ತಂದು, ಸಿಪ್ಪೆ ಸುಲಿದು ತಿನ್ನುತ್ತದೆ. ನಮ್ಮ ಕೋತಿ ದವಡೆಗೆ ಕಡಲೆಕಾಯಿ ತುರುಕಿಕೊಂಡು ಮರ ಹತ್ತುತ್ತಲ್ಲ, ಥೇಟ್ ಹಾಗೆ.

ಚಳಿಗಾಲಕ್ಕೆ ಗರಿಯೂ ದಟ್ಟವಾಗುತ್ತದೆ. ತೀರಾ ಚಳಿಯಾದರೆ ಹಿಮದೊಳಗೇ ಸುರಂಗ ಕೊರೆದು ಮಲಗುತ್ತದೆ. ನಗಬೇಡ, ಒಳಗೆ ಗಾಳಿ ಹಿಡಿದಿಟ್ಟುಕೊಂಡ ಹುಡಿ ಹಿಮ ಒಳ್ಳೆ ಕಂಬಳಿ. ಮೈನಸ್ 50ನ್ನೂ ತಡೆಯುವ ಜೀವ ಅದು.

ನಿನಗೆ ಹೇಳಬೇಕಿದ್ದ ವಿಷಯವೇ ಬೇರೆ. ನಾನು ಸೂರ್ಯಕಾಂತಿ ಬೀಜ ಹಾಕುತ್ತಿದ್ದೆ. ಅಂಗಡಿಯವರು "ನೈಜರ್ ಹಾಕಿ, ಇವಕ್ಕೆ ಅದೇ ಇಷ್ಟ" ಅಂದರು. ಮನೆಗೆ ತಂದು ಚೀಲ ಬಿಚ್ಚಿದರೆ, ಹುಚ್ಚೆಳ್ಳು ಕಣೋ! ನಿಮ್ಮ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಹಳದಿ ಹೂ ಬಿಡುತ್ತಲ್ಲ, ಅದೇ. ಭಾರತ, ಇಥಿಯೋಪಿಯಾದಿಂದೆಲ್ಲ ಅಮೆರಿಕಕ್ಕೆ ಬರುತ್ತದೆ. ಜೊತೆಗೆ ಬಂದ ಕಳೆ ಬೀಜ ಇಲ್ಲಿ ಮೊಳೆಯಬಾರದು ಅಂತ ಚೆನ್ನಾಗಿ ಕಾಯಿಸಿಯೇ ಮಾರಾಟಕ್ಕೆ ಬಿಡುತ್ತಾರೆ.

ಸ್ವಲ್ಪ ತೆಗೆದು ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿಬಿಡೋಣ ಅನ್ನಿಸಿತು. ಹಕ್ಕಿ ಪಾಲಿಗೆ ಕೈ ಹಾಕೋಕೆ ಮನಸ್ಸಾಗಲಿಲ್ಲ. ಯಾರಾದರೂ ಈ ಕಡೆ ಬರುವವರಿದ್ದರೆ ಅರ್ಧ ಕೆಜಿ ಚಟ್ನಿಪುಡಿ ಕಳಿಸು, ಮಾರಾಯ. ಖಾರ ಜಾಸ್ತಿ ಇರಲಿ.

ನಿನ್ನ,
ರವಿ